ಜೀರಿಗೆಯ ಹಗ್ಗ

ಕಲ್ಲಂತಡ್ಕ, ಕಡಬ
20-4-2025, ಭಾನುವಾರ

ಪ್ರೀತಿಯ ತಂಗಿ ಅಮ್ಮು,

ಅಣ್ಣನ ಆಶೀರ್ವಾದ. ಇಲ್ಲಿ ನಾನು, ನಿನ್ನ ಅತ್ತಿಗೆ, ನೀನು ನಮ್ಮಲ್ಲಿ ಬಿಟ್ಟುಹೋದ ದನ ಮೂವರೂ ಸುಖವಾಗಿದ್ದೇವೆ. ಮೂವರಲ್ಲಿ ಹೆಚ್ಚು ಸುಖವಾಗಿರುವುದು ದನ. ನಿನ್ನ ಅತ್ತಿಗೆ ಅದಕ್ಕೆ ಹಾಕುವ ಹಿಂಡಿ ನೋಡಿದರೆ ನನಗೇ ಹೊಟ್ಟೆಕಿಚ್ಚಾಗುತ್ತದೆ. ಬೆಟ್ಟಂಪಾಡಿಯಲ್ಲಿ ತೃಪ್ತಿ, ಅಳಿಯ, ಮಗು ಎಲ್ಲ ಆರೋಗ್ಯವೇ? ಮಗು ಜೂನಿನಿಂದ ಅಂಗನವಾಡಿಗೆ ಹೋಗುವಷ್ಟು ದೊಡ್ಡದಾಯಿತು ಎಂದರೆ ನಂಬಲಿಕ್ಕೇ ಆಗುವುದಿಲ್ಲ.

ನೀನು ಫೋನ್ ಮಾಡಿ ಹದಿನೈದು ದಿನ ಆಯಿತು. ಆವತ್ತು ನಾನು ‘ನೋಡುವ, ನೋಡುವ’ ಎಂದು ಇಟ್ಟುಬಿಟ್ಟೆ. ತಪ್ಪು ತಿಳಿಯಬೇಡ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತುಂಟಲ್ಲ. ಅಕ್ಷರ ಬರೆಯಲು ಕೂತರೆ ಹೇಗೋ ಹೊರಡುತ್ತದೆ. ಆದರೆ ಕೂರಲಿಕ್ಕೇ ಇಷ್ಟು ದಿನ ಬೇಕಾಯಿತು.

ಮಗಳ ಮನೆ ಸಾಕು, ಜೂನ್ ಒಂದಕ್ಕೆ ಬಂದು ನನ್ನ ಮನೆ ಗುಡಿಸಿ ಒಲೆ ಹಚ್ಚುತ್ತೇನೆ, ದನ ಕರೆದು ಬೆಳಿಗ್ಗೆ ಆರಕ್ಕೆ ಸೊಸೈಟಿಗೆ ಹಾಲು ಕೊಡುತ್ತೇನೆ ಎಂದೆಯಲ್ಲ, ಅದಕ್ಕೆ ನಾನು ಬೇಡ ಎನ್ನುವುದಿಲ್ಲ. ಮನೆ ನಿನ್ನದು, ದನ ನಿನ್ನದು. ಆದರೆ ಸೊಸೈಟಿಗೆ ಹೋಗುವ ದಾರಿ ಅದೇ ತೋಡಿನ ನೀರಿನ ಬದಿಯ ದಾರಿ. ಭಾವ ತೀರಿಹೋದ ಆ ತಿರುವಿನಲ್ಲಿ ಬೆಳಗಿನ ಹೊತ್ತು ನೀನೊಬ್ಬಳೇ ಕ್ಯಾನು ಹಿಡಿದುಕೊಂಡು ನಡೆಯುವುದನ್ನು ನೆನೆದು ನಾನು ರಾತ್ರಿ ಎದ್ದು ಕೂರುತ್ತೇನೆ.

ಅದಕ್ಕೇ ನೀನು ನಾಯಿ ಕೇಳಿದೆ. ಕೇಳಿದ್ದಲ್ಲದೆ ಇನ್ನೊಂದು ಮಾತೂ ಹೇಳಿದೆ. ಎರಡೂವರೆ ವರ್ಷದಿಂದ ನೀನು ಇದನ್ನೇ ಹೇಳುತ್ತಿದ್ದಿ: “ದನ ಕರು ಹಾಕಿತ್ತು, ಅಣ್ಣನಿಗೆ ಗಿಣ್ಣು ಇಷ್ಟ ಅಂತ ಬೆಳಕು ಹರಿಯುವ ಮೊದಲೇ ಇವರ ಕೈಯಲ್ಲಿ ಕೊಟ್ಟು ಕಳಿಸಿದವಳು ನಾನೇ. ನಿಮ್ಮ ಬೊಗ್ಗ ಆವತ್ತು ಸಂಕೋಲೆಯಲ್ಲಿ ಇಲ್ಲದಿದ್ರೆ ಬೊಗಳಿ ಇವರನ್ನು ಎಚ್ಚರಿಸ್ತಿತ್ತು. ಆನೆ ಉಂಟು ಅಂತ ಗೊತ್ತಾಗಿ ಇವರು ಉಳೀತಿದ್ರು.” ಈ ಸಲ ಫೋನಿನಲ್ಲಿ ಅದನ್ನು ಹೇಳುವಾಗ ನೀನು ಅಳಲಿಲ್ಲ. ಅಳದೆ ಹೇಳಿದ್ದೇ ನನಗೆ ಹೆಚ್ಚು ಕಷ್ಟವಾಯಿತು.

ಇರಲಿ. ನಾಯಿ ಸಿಕ್ಕಿದೆ. ಆಚೆ ಗುಡ್ಡೆಯ ಸೆಬಾಸ್ಟ್ಯನ್ನನ ಮನೆಯ ಹೆಣ್ಣುಮರಿ, ಏಳು ತಿಂಗಳದ್ದು. ತಾಯಿ ಪೊಮೇರಿಯನ್, ತಂದೆ ಯಾರೆಂದು ದೇವರಿಗೇ ಗೊತ್ತು. ಇವತ್ತು ಅವರಿಗೆ ಈಸ್ಟರ್. ಅಪ್ಪದ ಪಾತ್ರೆಯನ್ನು ಒಂದು ಕೈಯಲ್ಲಿ, ಮರಿಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅವನ ಮಗಳು ಆಷ್ಲಿಯೇ ಬಂದಳು. ಗಾತ್ರ ನೋಡಿ ನಿನ್ನ ಅತ್ತಿಗೆ ‘ಜೀರಿಗೆ’ ಎಂದು ಹೆಸರಿಟ್ಟಳು. ಗಾತ್ರ ಮಾತ್ರ ಅಷ್ಟು. ಹಗ್ಗ ಹಾಕಿ ಗೇಟು ದಾಟಿಸಿದ್ದೇ ಎಳೆತ ಶುರು. ಮುಂದಿನ ಎರಡು ಕಾಲು ನೆಲಕ್ಕೇ ತಾಗುವುದಿಲ್ಲ, ಕುತ್ತಿಗೆಯಲ್ಲಿ ಗೊರ್ರ್ ಎಂದು ಉಸಿರು. ನಾನು ದನ ಹಿಡಿದು ಅಭ್ಯಾಸ ಇರುವವನು, ಹಗ್ಗವನ್ನು ಎರಡು ಸುತ್ತು ಅಂಗೈಗೆ ಸುತ್ತಿ ಹಿಂದಕ್ಕೆ ಜಗ್ಗಿದೆ. ಅದು ಇನ್ನೂ ಜೋರಾಗಿ ಎಳೆಯಿತು. ಕೊನೆಗೆ ತಲೆ ಓರೆ ಮಾಡಿ ಪಟ್ಟಿಯಿಂದ ಜಾರಿಸಿಕೊಂಡು, ನೇರ ತೋಡಿನ ಕಡೆಗೆ ಓಟ.

ಅಮ್ಮು, ಅದರ ಹಿಂದೆ ನಾನು ಓಡಲಿಲ್ಲ. ಖಾಲಿ ಪಟ್ಟಿ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದೆ. ಆಷ್ಲಿ ಹೋಗಿ ಎತ್ತಿಕೊಂಡು ಬಂದಳು. ನನ್ನ ಮುಖ ನೋಡಿ ನಿನ್ನ ಅತ್ತಿಗೆ ಬೆಲ್ಲ ನೀರು ಕೊಟ್ಟಳು.

ಈ ಎಳೆಯುವ ಚಾಳಿ ಬಿಡಿಸದೆ ಈ ನಾಯಿಯನ್ನು ನಿನ್ನ ಕೈಗೆ ಕೊಡುವುದಿಲ್ಲ. ಇನ್ನು ಆರು ವಾರ ಉಂಟು. ಮಗುವಿಗೆ ನನ್ನ ಮುದ್ದು.

ನಿನ್ನ ಅಣ್ಣ
ಮಹಾಬಲ

ಮ.ಬ: ಬೊಗ್ಗ ಆವತ್ತು ಸಂಕೋಲೆಯಲ್ಲೇ ಇತ್ತು. ಸತ್ತ ನಾಯಿ. ಅದರ ಮಾತು ಇನ್ನು ಬೇಡ.

*

ಕಲ್ಲಂತಡ್ಕ
8-5-2025

ಪ್ರೀತಿಯ ಅಮ್ಮುವಿಗೆ,

ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕಾರಣ ಜೀರಿಗೆ. ನಾನೀಗ ಈ ಊರಿನಲ್ಲಿ ನಗೆಪಾಟಲಿನ ಮನುಷ್ಯ. ನಮ್ಮಲ್ಲಿ ನಾಯಿಯನ್ನು ಹಗಲು ಕಟ್ಟುವುದು, ರಾತ್ರಿ ಬಿಡುವುದು, ಬೆಳಿಗ್ಗೆ ಮೊದಲು ಎದ್ದವರು ಮತ್ತೆ ಕಟ್ಟುವುದು ಬಿಟ್ಟರೆ, ಹಗ್ಗ ಹಾಕಿ ನಡೆಸಿದವರು ಯಾರಿದ್ದಾರೆ? ಸೆಬಾಸ್ಟ್ಯನ್ ಜೀಪು ನಿಲ್ಲಿಸಿ, “ಎಂತ ಮಾರಾಯ್ರೆ, ಕಂಬಳಕ್ಕೆ ತಯಾರು ಮಾಡುದಾ?” ಎಂದು ಕೇಳಿದ. ಮಾಡುವುದು ಅವನ ಮಗಳು ಕಲಿಸಿದ ವಿದ್ಯೆ, ನಗುವುದು ಅವನು.

ಆಷ್ಲಿ ಪುತ್ತೂರಿನ ಒಂದು ಪ್ರಾಣಿ ಡಾಕ್ಟರರ ಹತ್ತಿರ ಕೆಲಸಕ್ಕಿದ್ದಾಳೆ, ಗೊತ್ತುಂಟಲ್ಲ. ಮೊದಲು ಕುತ್ತಿಗೆ ಪಟ್ಟಿ ತೆಗೆಸಿ ಎದೆಗೆ ಹಾಕುವ ಬೆಲ್ಟು ತಂದುಕೊಟ್ಟಳು. ಅದರಿಂದ ತಲೆ ಜಾರಿಸಲು ಆಗುವುದಿಲ್ಲ. ಆಮೇಲೆ ನನ್ನ ಅಂಗೈಯ ಗಾಯ ನೋಡಿ ಬೈದಳು. “ಅಂಕಲ್, ಹಗ್ಗ ಕೈಗೆ ಸುತ್ತುದು ಬೇಡ. ನೀವು ಜಗ್ಗಿದಷ್ಟೂ ಅದು ಎಳೀತದೆ. ಎಳೆದ ಕೂಡ್ಲೆ ಸುಮ್ಮನೆ ನಿಂತುಬಿಡಿ. ಬೈಬೇಡಿ, ಕರೀಬೇಡಿ. ಅದಾಗಿಯೇ ತಿರುಗಿ ಬಂದು ಹಗ್ಗ ಸಡಿಲ ಆದಾಗ ಒಂದು ಚೂರು ಒಣಮೀನು ಕೊಡಿ.”

ಕೇಳಲು ಸುಲಭ. ಮೊದಲನೆಯ ದಿನ ಗೇಟಿನಿಂದ ಹಲಸಿನ ಮರದವರೆಗಿನ ಮೂವತ್ತು ಹೆಜ್ಜೆಗೆ ಒಂದು ಗಂಟೆ ಹಿಡಿಯಿತು. ಎರಡು ಹೆಜ್ಜೆ ನಡೆಯುವುದು, ಅದು ಎಳೆಯುವುದು, ನಾನು ನಿಲ್ಲುವುದು. ನಿಂತು ನಿಂತು ಬೇಜಾರಾಗಿ ನಾನು ಆಕಾಶ ನೋಡುತ್ತಿದ್ದೆ, ಅದು ನನ್ನನ್ನು ನೋಡುತ್ತಿತ್ತು. ಹಾಲು ಕೊಟ್ಟು ಬರುತ್ತಿದ್ದ ನೆರೆಯ ಭವಿತಾ, ನನಗೆ ಸೊಂಟ ಹಿಡಿದಿದೆ ಎಂದು ತಿಳಿದು ಮನೆಯೊಳಗೆ ಹೋಗಿ ನಿನ್ನ ಅತ್ತಿಗೆಯನ್ನು ಕರೆದುಕೊಂಡು ಬಂದಳು. ಇಬ್ಬರೂ ನಕ್ಕದ್ದು ತೋಡಿನಾಚೆಗೆ ಕೇಳಿರಬೇಕು.

ಆದರೆ ಹತ್ತು ದಿನಕ್ಕೆ ಅದಕ್ಕೆ ವಿಷಯ ತಿಳಿಯಿತು. ಈಗ ನಾನು ನಿಂತರೆ ಸಾಕು, ಎಲ್ಲಿದ್ದರೂ ತಿರುಗಿ ಬಂದು ನನ್ನ ಎಡಗಾಲಿನ ಹತ್ತಿರ ಕೂತು ಅಂಗಿಯ ಕಿಸೆ ನೋಡುತ್ತದೆ. ನನ್ನ ಎಲ್ಲ ಅಂಗಿಗಳೂ ಒಣಮೀನು ನಾರುತ್ತವೆ. ಸೊಸೈಟಿಯ ಮೀಟಿಂಗಿಗೆ ಹೋದರೆ ಪಕ್ಕದವರು ಕುರ್ಚಿ ದೂರ ಮಾಡುತ್ತಾರೆ.

ನಗೆಯ ಮಾತು ಇಷ್ಟಕ್ಕೇ ಮುಗಿಯಿತು. ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ಹಲಸು ಹಣ್ಣಾಗತೊಡಗಿದೆ. ಒಂಟಿ ಆನೆ ಮತ್ತೆ ಇಳಿದಿದೆ. ಸೋಮವಾರ ಭವಿತಾಳ ಬಾಳೆ ಹೋಯಿತು, ನಿನ್ನೆ ನಿನ್ನ ಮನೆಯ ಹಿಂದಿನ, ಆನೆಗೆ ಇಷ್ಟದ ಬೈನೆ ಮರ ಮುರಿದು ಬಿದ್ದಿದೆ. ಲದ್ದಿಯನ್ನು ನಾನೇ ನೋಡಿ ಬಂದೆ. ನಿನ್ನೆ ಸಂಜೆ ಅರಣ್ಯ ಇಲಾಖೆಯ ಜೀಪು ಬಂದು ಮೈಕಿನಲ್ಲಿ ಹೇಳಿ ಹೋಯಿತು: ಕತ್ತಲಲ್ಲಿ ಹೊರಗೆ ಬರಬೇಡಿ, ನಾಯಿಗಳನ್ನು ಬಿಡಬೇಡಿ, ನಾಯಿ ಆನೆಯನ್ನು ಕೆಣಕಿ ಓಡಿ ನಿಮ್ಮ ಹತ್ತಿರವೇ ಬರುತ್ತದೆ, ಆನೆಯೂ ಅದರ ಹಿಂದೆ ಬರುತ್ತದೆ. ಅದೇ ಮಾತು, ಅದೇ ಮೈಕು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಇನ್ನೂ ಬೆಳಕಿತ್ತು, ಆದರೂ ಹಾಕಿಕೊಂಡೆ. ಜೀರಿಗೆಯ ಹಗ್ಗದ ಗಂಟನ್ನು ಮೂರು ಸಲ ನೋಡಿದೆ.

ನೀನು ಕಾಗದದಲ್ಲಿ ಬರೆದಿದ್ದಿ, ಅಷ್ಟೆಲ್ಲ ಕಲಿಸುವುದು ಯಾಕೆ ಅಣ್ಣ, ಬಿಟ್ಟೇ ಕರೆದುಕೊಂಡು ಹೋಗುತ್ತೇನೆ, ಮುಂದೆ ಮುಂದೆ ಓಡಿ ಬೊಗಳಿದರೆ ನನಗೂ ಧೈರ್ಯ ಎಂದು. ಬೇಡ ಅಮ್ಮು. ನನ್ನಾಣೆ. ಬಿಟ್ಟ ನಾಯಿ ಧೈರ್ಯ ಕೊಡುವುದಿಲ್ಲ. ಹಗ್ಗದಲ್ಲಿ, ನಿನ್ನ ಕಾಲಿನ ಹತ್ತಿರ, ಬಾಯಿ ಮುಚ್ಚಿಕೊಂಡು ನಡೆಯುವ ನಾಯಿ ಮಾತ್ರ ನಿನಗೆ ಬೇಕಾದದ್ದು. ದನದ ಹಗ್ಗದ ಹಾಗೆ ಕೈಗೆ ಸುತ್ತುವ ಅಭ್ಯಾಸ ನಿನಗೂ ಉಂಟು, ಅದನ್ನೂ ಬಿಡಬೇಕು. ನೀನು ಬರುವುದನ್ನು ಮಳೆಗಾಲ ಕಳೆಯುವವರೆಗೆ ಮುಂದೆ ಹಾಕಿದರೆ ಹೇಗೆ? ಕೋಪ ಮಾಡಬೇಡ. ಕೇಳಿದೆ ಅಷ್ಟೆ.

ಇನ್ನೊಂದು ನಾಚಿಕೆಯ ವಿಷಯ. ನಾನು ಜೀರಿಗೆಯನ್ನು ತೋಡಿನ ತಿರುವಿನವರೆಗೆ ಮಾತ್ರ ಕರೆದುಕೊಂಡು ಹೋಗುತ್ತೇನೆ. ತಿರುವಿನ ಮೊದಲು ಹಿಂದೆ ತಿರುಗುತ್ತೇನೆ. ಭಾವ ಹೋದ ಮೇಲೆ ಆ ಜಾಗದಲ್ಲಿ ನಾನು ಕಾಲಿಟ್ಟಿಲ್ಲ. ಸೊಸೈಟಿಗೆ ರಸ್ತೆಯಲ್ಲಿ ಸುತ್ತಿ ಹೋಗುತ್ತೇನೆ, ಎರಡು ಕಿಲೋಮೀಟರ್ ಜಾಸ್ತಿ. ನಡಿಗೆ ನನ್ನ ಮಂಡಿನೋವಿಗೆ ಒಳ್ಳೆಯದು ಎಂದು ನಿನ್ನ ಅತ್ತಿಗೆಯ ಹತ್ತಿರ ಹೇಳಿದ್ದೇನೆ. ಅವಳು ನಂಬಿದ ಹಾಗೆ ಮಾಡುತ್ತಾಳೆ. ಜೀರಿಗೆಗೆ ಮಾತ್ರ ಇದು ಅರ್ಥವಾಗುವುದಿಲ್ಲ. ತಿರುವಿನ ಹತ್ತಿರ ಬಂದಾಗ ಮೂಗು ಮೇಲೆತ್ತಿ ಆ ಕಡೆಗೇ ಎಳೆಯುತ್ತದೆ. ಕಲಿತದ್ದನ್ನೆಲ್ಲ ಅಲ್ಲಿ ಮರೆಯುತ್ತದೆ.

ಅಲ್ಲಿ ಎಳೆಯದೆ ನಡೆಯಲು ಕಲಿಯದಿದ್ದರೆ ಉಳಿದ ಕಡೆ ಕಲಿತು ಏನು ಪ್ರಯೋಜನ? ನನಗೆ ಗೊತ್ತುಂಟು. ನಾಳೆ ಹೋಗಬೇಕು ಎಂದು ದಿನಾಲೂ ಅಂದುಕೊಳ್ಳುತ್ತೇನೆ.

ತೃಪ್ತಿಗೆ, ಅಳಿಯನಿಗೆ ಕೇಳಿದೆನೆಂದು ಹೇಳು.

ನಿನ್ನ ಅಣ್ಣ
ಮಹಾಬಲ

ಮ.ಬ: ನಿನ್ನ ದನ ಗಬ್ಬ ನಿಂತಿದೆ ಎಂದು ಆಷ್ಲಿ ಹೇಳಿದಳು. ನಿನಗೆ ಸಂತೋಷವಾಗಬಹುದು ಎಂದು ಬರೆದೆ. ಆಗದಿದ್ದರೂ ಸರಿ.

*

ಕಲ್ಲಂತಡ್ಕ
22-5-2025, ಗುರುವಾರ

ಅಮ್ಮು,

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಆಷ್ಲಿ ನಾಳೆ ಪುತ್ತೂರಿಗೆ ಕೆಲಸಕ್ಕೆ ಹೋಗುವವಳು ಬೆಟ್ಟಂಪಾಡಿಗೆ ಬಂದು ನಿನ್ನ ಕೈಯಲ್ಲೇ ಕೊಡುತ್ತಾಳೆ. ನೀನು ಹೊರಡುವ ಮೊದಲು ಇದು ಸಿಗಬೇಕು. ಓದುವಾಗ ಒಬ್ಬಳೇ ಇರು. ನಿನ್ನ ಹಿಂದಿನ ಕಾಗದಕ್ಕೆ ಉತ್ತರಿಸದೆ ಇದ್ದದ್ದನ್ನು ಕ್ಷಮಿಸು. ಬರುವುದನ್ನು ಮುಂದೆ ಹಾಕುವುದಿಲ್ಲ, ಜೂನ್ ಒಂದು ಎಂದರೆ ಜೂನ್ ಒಂದು ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಿ. ನಮ್ಮ ಅಮ್ಮನ ಹಟ ಪೂರ್ತಿ ನಿನಗೇ ಬಂದಿದೆ.

ಮೊನ್ನೆ ಮಂಗಳವಾರ ಬೆಳಿಗ್ಗೆ ನಾನು ತಿರುವಿಗೆ ಹೋದೆ.

ಆರು ಗಂಟೆಯಾಗಿತ್ತು. ನೀನು ನಡೆಯಬೇಕಾದ ಹೊತ್ತೇ ಆಗಲಿ ಎಂದು ಅದೇ ಹೊತ್ತಿಗೆ ಹೊರಟೆ. ಬಲಗೈಯಲ್ಲಿ ನೀರು ತುಂಬಿದ ಕ್ಯಾನು, ಎಡಗೈಯಲ್ಲಿ ಹಗ್ಗ. ಎರಡು ದಿನದಿಂದ ಆನೆಯ ಸುದ್ದಿ ಇರಲಿಲ್ಲ, ಗುಂಡ್ಯದ ಕಡೆಗೆ ಹೋಯಿತು ಎಂದು ಎಲ್ಲರೂ ಹೇಳುತ್ತಿದ್ದರು. ಆದರೂ ಹೊರಡುವಾಗ ನಿನ್ನ ಅತ್ತಿಗೆಯ ಮುಖ ಸರಿಯಾಗಿ ನೋಡಲಿಲ್ಲ. ನೋಡಿದರೆ ನಿಂತುಬಿಡುತ್ತಿದ್ದೆ.

ತಿರುವು ದಾಟಿ ಹತ್ತು ಹೆಜ್ಜೆ ಆಗಿರಬೇಕು. ಜೀರಿಗೆ ಒಮ್ಮೆಲೇ ಎಳೆಯಿತು. ಹಗ್ಗ ಬಿಗಿಯಾಗಿ ನನ್ನ ತೋಳು ಮುಂದೆ ಹೋಯಿತು. ಅದರ ಎದೆಯೊಳಗೆ ಗುರ್ರ್ ಎನ್ನುವ ಶಬ್ದ, ಬಾಯಿಗೆ ಇನ್ನೂ ಬಂದಿರಲಿಲ್ಲ. ನಾನು ಎದುರು ನೋಡಿದೆ. ತೋಡಿನಾಚೆ, ಭವಿತಾಳ ಬೇಲಿಯ ಹತ್ತಿರ, ಬಂಡೆ ಎಂದುಕೊಂಡದ್ದು ಕಿವಿ ಬೀಸಿತು.

ಮೂವತ್ತು ಹೆಜ್ಜೆ ಅಮ್ಮು, ಹೆಚ್ಚಿಲ್ಲ. ಹಲಸಿನ ಹಣ್ಣಿನ ವಾಸನೆ ಬರುತ್ತಿತ್ತು. ಅದು ತಿನ್ನುವುದನ್ನು ನಿಲ್ಲಿಸಿತು.

ನಾನು ಬುದ್ಧಿ ಉಪಯೋಗಿಸಿದೆ ಎಂದು ತಿಳಿಯಬೇಡ. ಓಡಬೇಕು ಎಂದೂ ಹೊಳೆಯಲಿಲ್ಲ, ದೇವರ ಹೆಸರೂ ಬರಲಿಲ್ಲ. ಕಾಲು ನೆಲಕ್ಕೆ ಅಂಟಿಹೋಗಿತ್ತು. ಕ್ಯಾನು ಕೈಯಲ್ಲೇ ಇತ್ತು, ಅದರ ಮುಚ್ಚಳ ಟಕಟಕ ಎನ್ನುತ್ತಿತ್ತು. ಇನ್ನು ಈ ನಾಯಿ ಒಂದು ಬೊಗಳು ಬೊಗಳಿದರೆ ಮುಗಿಯಿತು ಎಂದು ಮಾತ್ರ ಗೊತ್ತಿತ್ತು.

ಆಗ ಜೀರಿಗೆ ತಿರುಗಿ ನನ್ನನ್ನು ನೋಡಿತು. ನಾನು ನಿಂತಿದ್ದೇನೆ. ಅದಕ್ಕೆ ಗೊತ್ತಿರುವುದು ಒಂದೇ: ಅಜ್ಜ ನಿಂತರೆ ಹಿಂದೆ ಬರಬೇಕು. ಮೆಲ್ಲನೆ ಬಂತು. ಎಡಗಾಲಿಗೆ ತಾಗಿ ಕೂತಿತು. ಹಗ್ಗ ಸಡಿಲವಾಯಿತು. ಮೂವತ್ತು ಹೆಜ್ಜೆ ದೂರದಲ್ಲಿ ಆನೆ ನಿಂತಿರುವಾಗ, ಆ ಬಡಪಾಯಿ ಮೈಯೆಲ್ಲ ನಡುಗಿಸಿಕೊಂಡು ನನ್ನ ಕಿಸೆ ನೋಡುತ್ತಾ ಕೂತಿತ್ತು.

ಎಷ್ಟು ಹೊತ್ತು ಎಂದು ಹೇಳಲಾರೆ. ಆನೆ ಸೊಂಡಿಲು ಎತ್ತಿ ನಮ್ಮ ವಾಸನೆ ಹಿಡಿಯಿತು. ಆಮೇಲೆ ಬೇಲಿ ಮುರಿದುಕೊಂಡು, ಏನೂ ಅವಸರವಿಲ್ಲದೆ, ಮೇಲಿನ ಕಾಡಿಗೆ ಹತ್ತಿತು. ಕೊಂಬೆ ಮುರಿಯುವ ಶಬ್ದ ನಿಂತ ಮೇಲೂ ನಾನು ನಿಂತೇ ಇದ್ದೆ. ಕೊನೆಗೆ ಅಲ್ಲೇ ಕೂತು ಕಿಸೆಯಲ್ಲಿದ್ದ ಒಣಮೀನು ಪೂರ್ತಿ ಅದಕ್ಕೆ ಕೊಟ್ಟೆ. ನಾನು ಅತ್ತೆ. ಅರುವತ್ತೊಂದು ವರ್ಷದ ಗಂಡಸು ನಾಯಿಯ ಮೈಗೆ ಮುಖ ಒರೆಸಿಕೊಂಡು ಅತ್ತದ್ದನ್ನು ಯಾರೂ ನೋಡಲಿಲ್ಲ.

ಜೀರಿಗೆ ಕಲಿತಾಯಿತು. ಇನ್ನು ನಿನಗೆ ಕೊಡಬಹುದು. ಇಲಾಖೆಯವರಿಗೂ ಹೇಳಿದ್ದೇನೆ, ಬೆಳಿಗ್ಗೆ ಸೊಸೈಟಿಗೆ ಹೋಗುವವರ ಜೊತೆಗೆ ಗಾರ್ಡ್ ಒಬ್ಬರನ್ನು ಕಳಿಸುತ್ತಾರಂತೆ. ಏಳು ಗಂಟೆಗೆ ಮೊದಲು ಹೊರಡಬೇಡ, ಹಾಲು ತಡವಾದರೆ ಆಗಲಿ. ನಾಯಿಯನ್ನು ಯಾವತ್ತೂ ಬಿಡಬೇಡ. ಎದೆ ಬೆಲ್ಟಿನ ಎರಡೂ ಕೊಕ್ಕೆ ನೋಡಿಯೇ ಹೊರಡು. ಎಳೆದರೆ ಜಗ್ಗಬೇಡ, ನಿಲ್ಲು.

ಮೇಲಿರುವವನು ನಿನ್ನನ್ನು ಚೆನ್ನಾಗಿಟ್ಟಿರಲಿ. ನಿನ್ನ ಒಲೆ ಮತ್ತೆ ಉರಿಯಲಿ, ಕೊಟ್ಟಿಗೆ ತುಂಬಲಿ.

ನಿನ್ನ ಅಣ್ಣ
ಮಹಾಬಲ

ಮ.ಬ: ಆಶೀರ್ವಾದ ಬರೆದು ಸಹಿ ಮಾಡಿ ಮಡಚಿದ್ದೆ. ಮತ್ತೆ ಬಿಡಿಸಿದೆ.

ಬೊಗ್ಗ ಆವತ್ತು ಸಂಕೋಲೆಯಲ್ಲಿ ಇರಲಿಲ್ಲ.

ಹಿಂದಿನ ಸಂಜೆ ಜೀಪು ಬಂದು ಹೇಳಿ ಹೋಗಿತ್ತು, ನಾಯಿ ಬಿಡಬೇಡಿ ಎಂದು. ಬೆಳಿಗ್ಗೆ ನಾಲ್ಕೂವರೆಗೆ ರಬ್ಬರ್ ಟ್ಯಾಪಿಂಗಿಗೆ ಎದ್ದವನು ನಾನು. ಕಟ್ಟಬೇಕಾದವನೂ ನಾನೇ. ಕಟ್ಟಲಿಲ್ಲ. ನನಗೆ ಹೆದರಿಕೆಯಾಗಿತ್ತು ಅಮ್ಮು. ಆನೆಯ ಸುದ್ದಿ ಕೇಳಿ ಕತ್ತಲಲ್ಲಿ ಒಬ್ಬನೇ ಹೋಗಲು ಧೈರ್ಯ ಬರಲಿಲ್ಲ. ಜೊತೆಗಿರಲಿ ಎಂದು ಬಿಟ್ಟೇ ಕರೆದುಕೊಂಡು ಹೋದೆ. ಬೆಳಕಾಗುವ ಹೊತ್ತಿಗೆ ಅದು ತೋಡಿನ ಹತ್ತಿರ ಬೊಗಳಿತು. ಆನೆ ಕೂಗಿತು. ಬೊಗ್ಗ ಓಡಿ ಬಂದದ್ದು ನನ್ನ ಹತ್ತಿರ ಅಲ್ಲ. ತಿರುವಿನಲ್ಲಿ ಭಾವ ಗಿಣ್ಣಿನ ಡಬ್ಬಿ ಹಿಡಿದುಕೊಂಡು ಬರುತ್ತಿದ್ದರು. ಬೊಗ್ಗನಿಗೆ ಅವರ ಗುರುತಿತ್ತು. ಹೋಗಿ ಅವರ ಕಾಲಿನ ಹಿಂದೆ ಅಡಗಿತು.

ನಾನು ಮೇಲಿನ ಸಾಲಿನ ಮರದ ಹಿಂದೆ ಇದ್ದೆ. ತಲೆಯ ಲೈಟು ಆರಿಸಿಕೊಂಡು ನಿಂತೆ. ಕೂಗಲಿಲ್ಲ.

ಆಮೇಲೆ ನಾನು ಮೊದಲು ಮಾಡಿದ್ದು ಜನರನ್ನು ಕರೆದದ್ದಲ್ಲ. ಮನೆಗೆ ಓಡಿ ಬಂದ ಬೊಗ್ಗನ ಕಾಲಿನ ಕೆಸರನ್ನು ಬಾವಿಕಟ್ಟೆಯಲ್ಲಿ ತೊಳೆದು ಸಂಕೋಲೆ ಹಾಕಿದೆ. ಆಮೇಲೆ ಕೂಗಿದೆ. ಭಾವ ಆ ಕ್ಷಣಕ್ಕೇ ಹೋಗಿದ್ದಾರೆ ಎಂದು ಡಾಕ್ಟರು ಹೇಳಿದ್ದರಲ್ಲ, ಆ ಒಂದು ಮಾತು ಹಿಡಿದುಕೊಂಡು ಇಷ್ಟು ದಿನ ಉಂಡೆ, ಮಲಗಿದೆ. ಬೊಗ್ಗನನ್ನು ಮಾತ್ರ ಸಾಯುವವರೆಗೆ ಮತ್ತೆ ಬಿಚ್ಚಲಿಲ್ಲ. ಅಯ್ಯೋ ಪಾಪ, ಕಟ್ಟಿದಲ್ಲೇ ಕಟ್ಟಿ ಅದಕ್ಕೂ ಸಂಕಟ ಎಂದು ನೀನು ಅದರ ತಲೆ ಸವರಿದ್ದಿ. ನಾನು ಅಲ್ಲೇ ನಿಂತು ನೋಡಿದ್ದೆ.

ಹಾಗಾಗಿ ಗಿಣ್ಣು ಕಳಿಸಿದವಳು ನಾನೇ ಎಂದು ಇನ್ನು ಹೇಳಬೇಡ. ಗಿಣ್ಣು ಕಳಿಸಿದ್ದರಲ್ಲಿ ಏನೂ ತಪ್ಪಿರಲಿಲ್ಲ. ನಾಯಿ ಬಿಟ್ಟಿದ್ದರೆ ಅವರು ಉಳಿಯುತ್ತಿದ್ದರು ಎಂದೂ ಹೇಳಬೇಡ. ಬಿಟ್ಟಿತ್ತು. ಅದಕ್ಕೇ ಹೋದರು. ನನ್ನ ಸುಳ್ಳು ನಂಬಿ ನೀನು ಇನ್ನೊಂದು ನಾಯಿಯನ್ನು ಬಿಟ್ಟುಕೊಂಡು ಅದೇ ದಾರಿಯಲ್ಲಿ ನಡೆಯಲು ಹೊರಟಾಗ ನನಗೆ ಇನ್ನು ಬಾಯಿ ಮುಚ್ಚಿಕೊಂಡು ಇರಲು ಆಗಲಿಲ್ಲ.

ನಿನ್ನ ಅತ್ತಿಗೆಗೆ ನಿನ್ನೆ ಹೇಳಿದೆ. ಅವಳು ಇನ್ನೂ ನನ್ನೊಡನೆ ಮಾತಾಡಿಲ್ಲ.

ಜೂನ್ ಒಂದು, ಭಾನುವಾರ, ನೀನು ಬರುವ ಬಸ್ಸಿನ ಹೊತ್ತಿಗೆ ಜೀರಿಗೆಯನ್ನು ಹಿಡಿದುಕೊಂಡು ಸ್ಟಾಪಿನಲ್ಲಿ ನಿಂತಿರುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ನೋಡಬೇಡ, ಮಾತೂ ಬೇಡ. ನನ್ನ ಕೈಯಿಂದ ಹಗ್ಗ ಮಾತ್ರ ತೆಗೆದುಕೊಂಡು ಹೋಗು. ಕೈಗೆ ಸುತ್ತಿಕೊಳ್ಳಬೇಡ.